20 ಟನ್ ಎತ್ತುವ ಹೆಲಿಕಾಪ್ಟರ್ ಯಾವಾಗಲೂ 20 ಟನ್ ಎತ್ತುವುದಿಲ್ಲ

ರಷ್ಯಾದ ಮಿ-26 ಹೆಲಿಕಾಪ್ಟರ್ ಬಗ್ಗೆ ಯಾರೇ ಬರೆಯಲಿ, ಒಂದು ಅಂಕಿ ಬಂದೇ ಬರುತ್ತದೆ: 20 ಟನ್. ಇವತ್ತು ಬಳಕೆಯಲ್ಲಿರುವ ಹೆಲಿಕಾಪ್ಟರ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಹೊರುವುದು ಬೇರೊಂದಿಲ್ಲ. ಅಮೆರಿಕದ ಸಿಎಚ್-53ಕೆ 16 ಟನ್ ಚಿಲ್ಲರೆ, ಚಿನೂಕ್ ಸುಮಾರು 11 ಟನ್. ಇಷ್ಟು ಓದಿದ ಮೇಲೆ ಯಾವುದು ಗಟ್ಟಿ ಅಂತ ಸಾಲಾಗಿ ನಿಲ್ಲಿಸಿಬಿಡುವುದು ಸುಲಭ. ಆದರೆ ಹಾಗೆ ಮಾಡಿದರೆ ಮುಖ್ಯವಾದ ವಿಷಯವೇ ಕೈತಪ್ಪಿ ಹೋಗುತ್ತದೆ. ಒಂದು ಹೆಲಿಕಾಪ್ಟರ್ ಎಷ್ಟು ಎತ್ತುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಎಷ್ಟು ದೂರಕ್ಕೆ? ಎಷ್ಟು ಎತ್ತರದಲ್ಲಿ? ಎಷ್ಟು ಸೆಕೆಯಲ್ಲಿ? ಹೊಟ್ಟೆಯೊಳಗೆ ಇಟ್ಟುಕೊಂಡೋ, ಕೆಳಗೆ ನೇತುಹಾಕಿಕೊಂಡೋ? ಇಷ್ಟು ಗೊತ್ತಾದ ಮೇಲೇ ಲೆಕ್ಕ ಶುರು.

ಮಿ-26ರ ಅಂಕಿಯನ್ನೇ ಬಿಡಿಸಿ ನೋಡೋಣ. ನೆಲ ಬಿಟ್ಟು ಏಳುವಾಗ ಅದರ ಒಟ್ಟು ತೂಕ 56 ಟನ್ ದಾಟಬಾರದು. ಖಾಲಿ ಹೆಲಿಕಾಪ್ಟರಿನ ತೂಕವೇ ಸುಮಾರು 28.2 ಟನ್. ಕಳೆದರೆ ಉಳಿಯುವುದು 27.8 ಟನ್. ಅದರಲ್ಲಿ 20 ಟನ್ ಸಾಮಾನು ಹಾಕಿದಿರಿ ಅಂತಿಟ್ಟುಕೊಳ್ಳಿ. ಮಿಕ್ಕ 7.8 ಟನ್ನಿನಲ್ಲಿ ಸಿಬ್ಬಂದಿ, ಅವರ ಸಲಕರಣೆ, ಸಾಮಾನು ಬಿಗಿಯುವ ಸರಪಳಿ, ಇಂಧನ ಎಲ್ಲವೂ ಬರಬೇಕು. ಟ್ಯಾಂಕುಗಳು ಸುಮಾರು 12,000 ಲೀಟರ್ ಹಿಡಿಯುತ್ತವೆ. ಅವನ್ನು ತುಂಬಿಸಿದರೆ ಇಂಧನದ ತೂಕವೇ 9 ಟನ್ ದಾಟುತ್ತದೆ. ಅಂದರೆ ಪೂರ್ತಿ ಸಾಮಾನು, ಪೂರ್ತಿ ಟ್ಯಾಂಕು ಎರಡೂ ಒಟ್ಟಿಗೆ ಆಗುವ ಮಾತಲ್ಲ.

ತುಂಬಿದ ಟ್ಯಾಂಕಿನಲ್ಲಿ ಮಿ-26 ಸುಮಾರು 800 ಕಿಲೋಮೀಟರ್ ಹೋಗುತ್ತದೆ. ಗಂಟೆಗೆ 255 ಕಿಲೋಮೀಟರ್ ವೇಗದಲ್ಲಿ ಅದು ಮೂರು ಗಂಟೆಯ ಹಾರಾಟ. ಹಾಗಾಗಿ ಗಂಟೆಗೆ ಹೆಚ್ಚುಕಮ್ಮಿ 3 ಟನ್ ಇಂಧನ ಉರಿಯುತ್ತದೆ ಅಂತಾಯಿತು. ಒಂದು ಗಂಟೆ ಜಾಸ್ತಿ ಹಾರಬೇಕಿದ್ದರೆ 3 ಟನ್ ಸಾಮಾನು ಬಿಟ್ಟು ಹೋಗಬೇಕು. ಹೋದಲ್ಲಿ ಇಂಧನ ಸಿಗುವುದಿಲ್ಲ ಅಂತಾದರೆ ವಾಪಸ್ ಬರುವ ಇಂಧನವನ್ನೂ ಈಗಲೇ ಹೊತ್ತುಕೊಳ್ಳಬೇಕು. ಗುಡ್ಡಗಾಡಿನಲ್ಲಿ, ಭೂಕಂಪ ಆದ ಕಡೆ ಬಹುತೇಕ ಹೀಗೇ ಇರುತ್ತದೆ. ಹೊರುವ ಶಕ್ತಿ ಮತ್ತು ಹೋಗುವ ದೂರ ಒಂದೇ ಗಂಟಿನಿಂದ ಹಂಚಿಕೊಳ್ಳುವ ಎರಡು ಪಾಲು.

ಗಾಳಿಯನ್ನು ಎಷ್ಟು ಮೆಲ್ಲಗೆ ತಳ್ಳಬಹುದು?

ಹೆಲಿಕಾಪ್ಟರ್ ಮೇಲೇಳುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವುದು ಒಂದು, ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳುವುದು ಇನ್ನೊಂದು. ಎತ್ತುವ ಬಲ ಎರಡರಲ್ಲೂ ಒಂದೇ ಬರಬಹುದು. ಖರ್ಚು ಮಾತ್ರ ಒಂದೇ ಅಲ್ಲ. ಒಂದು ಕಿಲೋ ಗಾಳಿಗೆ ಎರಡರಷ್ಟು ವೇಗ ಕೊಟ್ಟರೆ ಸಿಗುವ ಬಲ ಎರಡರಷ್ಟು, ತೆರಬೇಕಾದ ಶಕ್ತಿ ನಾಲ್ಕರಷ್ಟು. ಅದಕ್ಕೇ ಭಾರ ಹೊರುವ ಹೆಲಿಕಾಪ್ಟರ್‌ಗಳ ರೋಟರ್ (ಮೇಲೆ ಗಿರಗಿರ ತಿರುಗುವ ಬ್ಲೇಡುಗಳ ಚಕ್ರ) ಅಷ್ಟು ದೊಡ್ಡದು. ಅಗಲವಾದ ರೋಟರ್ ತುಂಬಾ ಗಾಳಿಯನ್ನು ಹಿಡಿದು ಸಾವಕಾಶವಾಗಿ ಕೆಳಗೆ ಕಳಿಸುತ್ತದೆ.

ಮಿ-26ರ ರೋಟರಿನ ಅಡ್ಡಳತೆ 32 ಮೀಟರ್, ಎಂಟು ಬ್ಲೇಡು. ಅದು ಸುತ್ತುವ ವೃತ್ತದ ವಿಸ್ತೀರ್ಣ 800 ಚದರ ಮೀಟರ್ ದಾಟುತ್ತದೆ. 56 ಟನ್ ತೂಕದಲ್ಲಿ ಸಮುದ್ರಮಟ್ಟದಲ್ಲಿ ಗಾಳಿಯಲ್ಲೇ ನಿಂತಿದೆ ಅಂತಿಟ್ಟುಕೊಂಡು ಭೌತಶಾಸ್ತ್ರದ ಸರಳ ಸೂತ್ರ ಹಾಕಿದರೆ, ರೋಟರ್ ಮೂಲಕ ಗಾಳಿ ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿ ಇಳಿಯುತ್ತದೆ. ಇನ್ನೂ ಕೆಳಗೆ ಬಂದಾಗ ಅದರ ಎರಡರಷ್ಟು, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್. ಚಂಡಮಾರುತದ ಗಾಳಿ ಅದು! ಇಷ್ಟಕ್ಕೆ ಕಡೇಪಕ್ಷ 12,000 ಅಶ್ವಶಕ್ತಿ ಬೇಕು. ಇದು ಯಾವ ನಷ್ಟವೂ ಇಲ್ಲದ ಲೆಕ್ಕ. ನಿಜದಲ್ಲಿ ಬ್ಲೇಡುಗಳು ಗಾಳಿ ಸೀಳುವಾಗ ಒಂದಷ್ಟು ಹೋಗುತ್ತದೆ, ಹೆಲಿಕಾಪ್ಟರಿನ ಮೈಯೇ ಉಲ್ಟಾ ತಿರುಗದ ಹಾಗೆ ತಡೆಯುವ ಬಾಲದ ರೋಟರ್ ಒಂದಷ್ಟು ತಿನ್ನುತ್ತದೆ, ಗೇರ್‌ಬಾಕ್ಸಿನಲ್ಲಿ ಬಿಸಿಯಾಗಿ ಒಂದಷ್ಟು ಕರಗುತ್ತದೆ. ಅದಕ್ಕೇ ಅದರ ಎರಡು ಡಿ-136 ಎಂಜಿನ್‌ಗಳು ಒಂದೊಂದೂ ಸುಮಾರು 11,400 ಅಶ್ವಶಕ್ತಿಯವು.

ಈಗ ಸಿಎಚ್-53ಕೆ ಕಡೆ ನೋಡಿ. ಅದರ ಮೂರು ಎಂಜಿನ್‌ಗಳು ತಲಾ 7,500 ಅಶ್ವಶಕ್ತಿ ಕೊಡುತ್ತವೆ. ಒಟ್ಟು ಶಕ್ತಿ ಮಿ-26ಕ್ಕೆ ಹೆಚ್ಚುಕಮ್ಮಿ ಸಮ. ಆದರೂ ಅದರ ಗರಿಷ್ಠ ಒಟ್ಟು ತೂಕ 40 ಟನ್ ಆಸುಪಾಸು. ಯಾಕೆ? ಅದರ ರೋಟರ್ 24 ಮೀಟರ್ ಮಾತ್ರ. ಅಮೆರಿಕದ ನೌಕಾ ಪದಾತಿದಳಕ್ಕಾಗಿ ಮಾಡಿದ ಹೆಲಿಕಾಪ್ಟರ್ ಅದು. ಹಡಗಿನ ಅಟ್ಟದ ಮೇಲೆ ಇಳಿಯಬೇಕು, ಬ್ಲೇಡು ಮಡಿಚಿಕೊಂಡು ಒಳಗೆ ಸೇರಬೇಕು. ಅಲ್ಲಿ 32 ಮೀಟರಿನ ರೋಟರ್ ಹಿಡಿಸುವುದಿಲ್ಲ. ರೋಟರ್ ಚಿಕ್ಕದಾದ್ದರಿಂದ ಅದು ಗಾಳಿಯನ್ನು ಇನ್ನೂ ಜೋರಾಗಿ ತಳ್ಳಲೇಬೇಕು, ಪ್ರತಿ ಟನ್ನಿಗೆ ಜಾಸ್ತಿ ಶಕ್ತಿ ಸುರಿಯಲೇಬೇಕು. ಇದನ್ನು ದೋಷ ಅನ್ನಲಾಗದು. ಎಲ್ಲಿ ಕೆಲಸ ಮಾಡಬೇಕು ಅನ್ನುವುದೇ ಯಂತ್ರದ ಆಕಾರವನ್ನು ತೀರ್ಮಾನಿಸಿದೆ, ಅಷ್ಟೇ.

ಆ ಇಳಿಗಾಳಿ ನೆಲದ ಮೇಲಿರುವವರಿಗೆ ದೊಡ್ಡ ತಲೆನೋವು. ತಗಡು, ಟಾರ್ಪಾಲು, ಸಡಿಲವಾದ ಹಲಗೆ ಎಲ್ಲ ಹಾರುತ್ತವೆ. ಒಣಮಣ್ಣಿನ ಜಾಗವಾದರೆ ಧೂಳು ಎದ್ದು ಪೈಲಟ್‌ಗೆ ನೆಲವೇ ಕಾಣದ ಹಾಗಾಗುತ್ತದೆ. ಇಳಿಯುವ ಕೊನೇ ಕ್ಷಣದಲ್ಲಿ ಹೀಗೆ ಕಣ್ಣು ಕಟ್ಟಿಹೋಗಿ ಎಷ್ಟೋ ಅಪಘಾತಗಳಾಗಿವೆ. ಹಾಗಾಗಿ ದೊಡ್ಡ ಹೆಲಿಕಾಪ್ಟರ್ ಬರುತ್ತದೆ ಅಂದರೆ ಜಾಗವನ್ನು ಮೊದಲೇ ಗುಡಿಸಿ, ನೀರು ಚಿಮುಕಿಸಿ ಸಿದ್ಧ ಮಾಡಿಡುವುದು ಸುಮ್ನೆ ಶಿಸ್ತಿಗಲ್ಲ.

ಸೆಕೆ ಮತ್ತು ಎತ್ತರ

ಎಲ್ಲಕ್ಕಿಂತ ಜಾಸ್ತಿ ಲೆಕ್ಕ ತಪ್ಪುವುದು ಇಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೆ ಇಳಿದಿರುತ್ತದೆ. ಸೆಕೆಯೂ ಇದನ್ನೇ ಮಾಡುತ್ತದೆ. ಸಮುದ್ರಮಟ್ಟದಲ್ಲೇ ಇದ್ದರೂ 15 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಸಾಂದ್ರತೆ ಶೇ. 6ಕ್ಕೂ ಹೆಚ್ಚು ಕಮ್ಮಿಯಾಗುತ್ತದೆ. ಎತ್ತರವೂ ಸೆಕೆಯೂ ಕೂಡಿದರೆ ಕೇಳುವುದೇ ಬೇಡ.

ತೆಳು ಗಾಳಿಯ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ರೋಟರಿಗೆ ತಳ್ಳಲು ಸಿಗುವ ಗಾಳಿ ಕಮ್ಮಿ, ಆದ್ದರಿಂದ ಅದೇ ತೂಕಕ್ಕೆ ಜಾಸ್ತಿ ಶಕ್ತಿ ಬೇಕು. ಅದೇ ಹೊತ್ತಿಗೆ ಟರ್ಬೈನ್ ಎಂಜಿನ್ ಉಸಿರಾಡುವುದೂ ಅದೇ ಗಾಳಿ. ಅದರೊಳಗೆ ಹೋಗುವ ಗಾಳಿ ಕಮ್ಮಿಯಾದರೆ ಅದು ಕೊಡುವ ಶಕ್ತಿಯೂ ಕಮ್ಮಿ. ಬೇಡಿಕೆ ಏರುತ್ತದೆ, ಪೂರೈಕೆ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಇದೇ ನೆನಪಿಡಬೇಕಾದದ್ದು. ಎತ್ತುವ ಬಲ ಕಮ್ಮಿಯಾದರೆ ಖಾಲಿ ಹೆಲಿಕಾಪ್ಟರಿನ ತೂಕ ಕಮ್ಮಿಯಾಗುವುದಿಲ್ಲ. ಪೂರ್ತಿ ಕಡಿತ ಸಾಮಾನಿನ ಪಾಲಿಗೇ ಬರುತ್ತದೆ. ಮಿ-26ರ ಬಲ ಬರೀ ಶೇ. 10ರಷ್ಟು ಕುಸಿಯಿತು ಅನ್ನಿ. 56 ಟನ್ನಿನಲ್ಲಿ ಅದು 5.6 ಟನ್. ಇಂಧನ ಅಷ್ಟೇ ಇರಬೇಕಾದರೆ 20 ಟನ್ ಸಾಮಾನು 14.4 ಟನ್ನಿಗೆ ಇಳಿಯುತ್ತದೆ. ಬಲದಲ್ಲಿ ಹತ್ತನೇ ಒಂದು ಭಾಗ ಹೋದರೆ ಸಾಮಾನಿನಲ್ಲಿ ಕಾಲು ಭಾಗಕ್ಕೂ ಜಾಸ್ತಿ ಹೋಯಿತು.

ಸಿಎಚ್-53ಕೆ ವಿಷಯದಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ, ಅದು ನನಗೆ ಇಷ್ಟವಾದ ಸಂಗತಿ. ಹೊರಗಡೆ ನೇತುಹಾಕಿ ಎತ್ತುವ ಅದರ ಗರಿಷ್ಠ ಭಾರ ಸುಮಾರು 16.3 ಟನ್. ಆದರೆ ಅದನ್ನು ಮಾಡಿಸಿಕೊಂಡವರು ಕೇಳಿದ ಅಳತೆ ಬೇರೆ: ಸುಮಾರು 900 ಮೀಟರ್ ಎತ್ತರ, 33 ಡಿಗ್ರಿ ಸೆಕೆ, 12.2 ಟನ್ ಭಾರ, 204 ಕಿಲೋಮೀಟರ್ ದೂರ. ಅಲ್ಲಿಗೆ ಹೋಗಿ ಇಳಿಸಿ ವಾಪಸ್ ಬರಬೇಕು. ಮೊದಲನೆಯದು ಜಾಹೀರಾತಿಗೆ ಚೆನ್ನಾಗಿ ಕಾಣುವ ಅಂಕಿ. ಎರಡನೆಯದರಲ್ಲಿ ಎತ್ತರ, ಸೆಕೆ, ದೂರ ಮೂರನ್ನೂ ಹೇಳಿದೆ. ಯೋಜನೆ ಹಾಕುವವರಿಗೆ ಬೇಕಾದದ್ದು ಅದು.

ಗಾಳಿಯಲ್ಲಿ ನಿಲ್ಲುವುದು, ಮುಂದಕ್ಕೆ ಹಾರುವುದು

ಮಿ-26 ಸುಮಾರು 4,600 ಮೀಟರ್ ಎತ್ತರದವರೆಗೆ ಹಾರಬಲ್ಲದು. ಆದರೆ ನೆಲದ ಆಸರೆ ಇಲ್ಲದೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ ಅದರ ಮಿತಿ ಸುಮಾರು 1,800 ಮೀಟರ್. ಒಂದೇ ಯಂತ್ರ, ಮಿತಿ ಎರಡು. ಮುಂದಕ್ಕೆ ಚಲಿಸುವಾಗ ರೋಟರಿಗೆ ಪ್ರತಿ ಕ್ಷಣ ಹೊಸ ಗಾಳಿ ಸಿಗುತ್ತಿರುತ್ತದೆ. ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಸಾಕಾಗುತ್ತದೆ. ಹಾಗಾಗಿ ನಿಂತಲ್ಲೇ ನಿಲ್ಲುವುದಕ್ಕಿಂತ ಮಧ್ಯಮ ವೇಗದಲ್ಲಿ ಹಾರುವುದಕ್ಕೆ ಕಮ್ಮಿ ಶಕ್ತಿ ಸಾಕು. ಹೆಲಿಕಾಪ್ಟರಿಗೆ ಅತಿ ಕಷ್ಟದ ಕೆಲಸ ಅಲುಗಾಡದೆ ನಿಲ್ಲುವುದು.

ಇದರಿಂದಲೇ ಎರಡು ಉಪಾಯ ಹುಟ್ಟಿವೆ. ಚಕ್ರ ಇರುವ ಹೆಲಿಕಾಪ್ಟರ್‌ಗೆ ಉದ್ದ ಜಾಗ ಸಿಕ್ಕರೆ ವಿಮಾನದ ಹಾಗೆ ಓಡಿ ಏಳುತ್ತದೆ. ನೇರವಾಗಿ ಏಳಲಾಗದ ಭಾರವನ್ನೂ ಹೀಗೆ ಹೊತ್ತೊಯ್ಯಬಹುದು. ಎರಡನೆಯದು ನೆಲದ ಆಸರೆ. ರೋಟರ್ ನೆಲಕ್ಕೆ ಹತ್ತಿರ ಇದ್ದಾಗ ಇಳಿಗಾಳಿಗೆ ನೆಲ ಅಡ್ಡ ಬಂದು ಅದರ ವೇಗ ತಗ್ಗುತ್ತದೆ, ಬೇಕಾಗುವ ಶಕ್ತಿಯೂ ಕಮ್ಮಿಯಾಗುತ್ತದೆ. ರೋಟರಿನ ಅಡ್ಡಳತೆಯಷ್ಟು ಮೇಲೆ ಹೋಗುವಷ್ಟರಲ್ಲಿ ಆ ಲಾಭ ಬಹುಪಾಲು ಮುಗಿದಿರುತ್ತದೆ. ಉದ್ದ ಹಗ್ಗದಲ್ಲಿ ಭಾರ ನೇತುಹಾಕಿ ಎತ್ತುವಾಗ ಹೆಲಿಕಾಪ್ಟರ್ ಅಷ್ಟು ಮೇಲೇ ಇರಬೇಕಲ್ವಾ? ಆಗ ಈ ಆಸರೆ ಸಿಗುವುದಿಲ್ಲ.

ಹಾಗಾದರೆ ಇನ್ನೂ ವೇಗವಾಗಿ ಹಾರಿದರೆ ಇನ್ನೂ ಸುಲಭವೇ? ಇಲ್ಲ. ಮಿ-26ರ ರೋಟರ್ ನಿಮಿಷಕ್ಕೆ 132 ಸುತ್ತು ತಿರುಗುತ್ತದೆ. ನೋಡಲು ನಿಧಾನ ಅನ್ನಿಸಿದರೂ ಬ್ಲೇಡಿನ ತುದಿ ಸೆಕೆಂಡಿಗೆ 220 ಮೀಟರ್ ಓಡುತ್ತಿರುತ್ತದೆ. ಹೆಲಿಕಾಪ್ಟರ್ ಸೆಕೆಂಡಿಗೆ 75 ಮೀಟರ್, ಅಂದರೆ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದ್ದರೆ ಒಂದು ಕಡೆಯ ಬ್ಲೇಡಿನ ತುದಿಗೆ 295 ಮೀಟರ್ ವೇಗದ ಗಾಳಿ ಎದುರಾಗುತ್ತದೆ, ಇನ್ನೊಂದು ಕಡೆಗೆ ಬರೀ 145. ಒಂದು ಕಡೆ ಶಬ್ದದ ವೇಗದ ಹತ್ತಿರ, ಇನ್ನೊಂದು ಕಡೆ ಬ್ಲೇಡು ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುವ ಹತ್ತಿರ. ಮಾಮೂಲಿ ಹೆಲಿಕಾಪ್ಟರ್‌ಗಳ ವೇಗ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನಲ್ಲಿ ನಿಂತುಹೋಗುವುದು ಇದರಿಂದ.

ಗೇರ್‌ಬಾಕ್ಸ್

ಎಂಜಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ದೊಡ್ಡ ಹೆಲಿಕಾಪ್ಟರ್ ಮಾಡುವವರ ನಿದ್ದೆ ಕೆಡಿಸುವುದು ಗೇರ್‌ಬಾಕ್ಸ್. ಟರ್ಬೈನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ರೋಟರ್ 132 ಸುತ್ತು. ಶಕ್ತಿ ಅಷ್ಟೇ ಇದ್ದು ವೇಗ ಇಳಿದರೆ ತಿರುಚುಬಲ ಅಷ್ಟೂ ಪಟ್ಟು ಏರುತ್ತದೆ. ಮಿ-26ರ ರೋಟರಿನ ದಂಡದ ಮೇಲೆ ಬೀಳುವ ತಿರುಚುಬಲ 100 ಟನ್-ಮೀಟರ್ ಹತ್ತಿರ. ಒಂದು ಮೀಟರ್ ಉದ್ದದ ತೋಳಿನ ತುದಿಗೆ 100 ಟನ್ ತೂಗುಹಾಕಿದಷ್ಟು. ಅದನ್ನು ತಡೆದುಕೊಳ್ಳುವ ಹಲ್ಲುಚಕ್ರಗಳು ಹಗುರವಾಗಿಯೂ ಇರಬೇಕು, ಗಂಟೆಗಟ್ಟಲೆ ತಿರುಗಿದರೂ ಬಿರುಕು ಬಿಡಬಾರದು. ಮಿ-26ರ ಮುಖ್ಯ ಗೇರ್‌ಬಾಕ್ಸಿನ ತೂಕ ಮೂರೂವರೆ ಟನ್ ದಾಟುತ್ತದೆ. ಅಷ್ಟು ಶಕ್ತಿ ಸಾಗಿಸುವ ಯಂತ್ರಕ್ಕೆ ಇದು ಬಹಳ ಕಮ್ಮಿ ತೂಕ ಅಂತಲೇ ಹೇಳಬೇಕು. ಮಾರತ್ ತಿಶ್ಚೆಂಕೊ ಮುಂದಾಳತ್ವದಲ್ಲಿ ಮಿಲ್ ಸಂಸ್ಥೆಯ ಎಂಜಿನಿಯರುಗಳು ಮಾಡಿದ ಅತಿ ಕಷ್ಟದ ಕೆಲಸಗಳಲ್ಲಿ ಇದೊಂದು ಅಂತ ನನ್ನ ಅನಿಸಿಕೆ. 1977ರ ಡಿಸೆಂಬರಿನಲ್ಲಿ ಮೊದಲು ಹಾರಿದ ಆ ವಿನ್ಯಾಸ ಇವತ್ತಿಗೂ ದುಡಿಯುತ್ತಿದೆ.

ತಂಪು ದಿನದಲ್ಲಿ, ಸಮುದ್ರಮಟ್ಟದಲ್ಲಿ ಎಷ್ಟೋ ಹೆಲಿಕಾಪ್ಟರ್‌ಗಳ ಎಂಜಿನ್ ಗೇರ್‌ಬಾಕ್ಸ್ ತಡೆಯುವುದಕ್ಕಿಂತ ಜಾಸ್ತಿ ಶಕ್ತಿ ಕೊಡಬಲ್ಲದು. ಆಗ ಪೈಲಟ್ ಎಂಜಿನ್ ಮಿತಿಗೆ ಮುಂಚೆಯೇ ತಿರುಚುಬಲದ ಮಿತಿಗೆ ಬಂದು ನಿಲ್ಲುತ್ತಾನೆ. ಹಾಗಂತ ಮಿಕ್ಕ ಶಕ್ತಿ ದಂಡ ಅಲ್ಲ. ಸೆಕೆಯಲ್ಲಿ, ಎತ್ತರದಲ್ಲಿ ಎಂಜಿನ್ ಕುಗ್ಗಿದಾಗ ಅದು ಕೈಗೆ ಬರುತ್ತದೆ. ಒಂದು ಎಂಜಿನ್ ಕೆಟ್ಟರೆ ಇನ್ನೊಂದು ಎದ್ದು ನಿಂತು ದುಡಿಯಲು ಬೇಕಾದ್ದೂ ಇದೇ ಉಳಿಕೆ.

ನೇತುಹಾಕಿದ ಭಾರ

ಮಿ-26ರ ಹೊಟ್ಟೆ 12 ಮೀಟರ್ ಉದ್ದ, 3 ಮೀಟರಿಗೂ ಜಾಸ್ತಿ ಅಗಲ. ಹಿಂದಿನ ಬಾಗಿಲಿನಿಂದ ವಾಹನವನ್ನೇ ಒಳಗೆ ಓಡಿಸಬಹುದು. ಒಳಗಿಟ್ಟ ಸಾಮಾನು ಗಾಳಿಗೆ ಸಿಗುವುದಿಲ್ಲ, ವೇಗವಾಗಿ ಹೋಗಬಹುದು. ಆದರೆ ತುಂಬಿಸಿ, ಬಿಗಿದು, ಇಳಿಸಲು ಹೊತ್ತು ಹಿಡಿಯುತ್ತದೆ. ಒಳಗೆ ಹಿಡಿಸದ ಆಕಾರಗಳೂ ಇವೆ. ಆಗ ಕೊಕ್ಕೆ ಮತ್ತು ಹಗ್ಗವೇ ದಾರಿ.

ಕೊಕ್ಕೆ ಹಾಕುವವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ತಲೆಯ ಮೇಲೆ ಕೈಗೆಟುಕುವಷ್ಟು ಹತ್ತಿರದಲ್ಲಿ ಹತ್ತಾರು ಟನ್ನಿನ ಯಂತ್ರ ತೂಗುತ್ತಿರುತ್ತದೆ. ಇಳಿಗಾಳಿ ಅವನನ್ನು ನಿಲ್ಲಲು ಬಿಡುವುದಿಲ್ಲ. ಧೂಳಿನ ಅಥವಾ ಹಿಮದ ಗಾಳಿಯಲ್ಲಿ ತಿರುಗುವ ಬ್ಲೇಡುಗಳು ಹೆಲಿಕಾಪ್ಟರಿನ ಮೈಗೆ ಸ್ಥಿರ ವಿದ್ಯುತ್ ತುಂಬಿರುತ್ತವೆ. ಸುಮ್ನೆ ಕೈ ಹಾಕಿದರೆ ಅವನನ್ನು ಕೆಡವುವಷ್ಟು ಜೋರಾದ ಶಾಕ್ ಹೊಡೆಯುತ್ತದೆ. ಅದಕ್ಕೇ ಜೊತೆಯವನು ಮೊದಲು ನೆಲಕ್ಕೆ ತಂತಿ ಕಟ್ಟಿದ ಲೋಹದ ಕೋಲನ್ನು ಕೊಕ್ಕೆಗೆ ಮುಟ್ಟಿಸಿ ಹಿಡಿಯುತ್ತಾನೆ. ವಿದ್ಯುತ್ತು ನೆಲಕ್ಕೆ ಹರಿದ ಮೇಲೆ ಇವನು ಭಾರದ ಹಗ್ಗದ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಬಗ್ಗಿಕೊಂಡು ಆಚೆ ಓಡುತ್ತಾನೆ. ಒಳಗಿನಿಂದ ಒಬ್ಬ ಸಿಬ್ಬಂದಿ ಕೆಳಗೆ ಇಣುಕಿ ನೋಡುತ್ತಾ ಎಡಕ್ಕೆ, ಬಲಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಅಂತ ಪೈಲಟ್‌ಗೆ ಹೇಳುತ್ತಿರುತ್ತಾನೆ. ಪೈಲಟ್‌ಗೆ ತನ್ನ ಕೆಳಗಿರುವುದು ಕಾಣುವುದಿಲ್ಲವಲ್ಲ.

ಎದ್ದ ಮೇಲೆ ಹೊಸ ತೊಂದರೆ. ಹಗ್ಗದ ಭಾರ ಬಾವಿಯಿಂದ ಸೇದುವ ಕೊಡದ ಹಾಗೆ ತೂಗಾಡುತ್ತದೆ. ಅದನ್ನು ಸರಿಮಾಡಲು ಹೋಗಿ ಪೈಲಟ್ ತಪ್ಪು ಹೊತ್ತಿಗೆ ಹೆಲಿಕಾಪ್ಟರನ್ನು ವಾಲಿಸಿದರೆ ತೂಗಾಟ ಇನ್ನೂ ಜಾಸ್ತಿಯಾಗುತ್ತದೆ. ಪೆಟ್ಟಿಗೆಯಂಥ ಚಪ್ಪಟೆ ಮೈಯ ಸಾಮಾನು ಗಾಳಿಗೆ ಗಿರಗಿರ ಸುತ್ತಲು ಶುರುಮಾಡಬಹುದು. ಹಾಗಾಗಿ ವೇಗ ಇಳಿಸಿಯೇ ಹೋಗಬೇಕು. ವೇಗ ಇಳಿದರೆ ದೂರಕ್ಕೆ ಜಾಸ್ತಿ ಇಂಧನ. ಕೈಮೀರಿದರೆ ಗುಂಡಿ ಒತ್ತಿ ಭಾರವನ್ನು ಬೀಳಿಸಿಬಿಡುವ ವ್ಯವಸ್ಥೆ ಇದೆ. ಅದಕ್ಕೇ ಜನ ಇರುವ ಕಡೆ ಮೇಲಿಂದ ಹೋಗದ ದಾರಿಯನ್ನೇ ಹುಡುಕುತ್ತಾರೆ.

ಚಿನೂಕ್ ಇಲ್ಲಿ ಜಾಣ. ಅದಕ್ಕೆ ಹೊಟ್ಟೆಯಡಿ ಸಾಲಾಗಿ ಮೂರು ಕೊಕ್ಕೆ. ಮುಂದಿನದು ಹಿಂದಿನದು ಎರಡಕ್ಕೂ ಕಟ್ಟಿದರೆ ಭಾರ ಸುತ್ತುವುದಿಲ್ಲ, ತೂಗಾಟವೂ ಕಮ್ಮಿ, ಹೆಚ್ಚು ವೇಗವಾಗಿ ಹೋಗಬಹುದು. ಮುಂದೊಂದು ಹಿಂದೊಂದು ರೋಟರ್ ಇರುವುದರಿಂದ ತೂಕ ಸ್ವಲ್ಪ ಮುಂದೆಯೋ ಹಿಂದೆಯೋ ಬಿದ್ದರೂ ಅದು ಸಹಿಸಿಕೊಳ್ಳುತ್ತದೆ. ಎರಡು ರೋಟರ್ ಎದುರುಬದುರು ದಿಕ್ಕಿನಲ್ಲಿ ತಿರುಗುವುದರಿಂದ ಬಾಲದ ರೋಟರ್ ಬೇಕಿಲ್ಲ. ಮಾಮೂಲಿ ಹೆಲಿಕಾಪ್ಟರಿನಲ್ಲಿ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಬಾಲಕ್ಕೆ ಹೋಗುತ್ತದೆ. ಇಲ್ಲಿ ಅದೂ ಎತ್ತುವ ಕೆಲಸಕ್ಕೇ ಸಿಗುತ್ತದೆ. 1961ರಲ್ಲಿ ಮೊದಲು ಹಾರಿದ ಈ ಆಕಾರ ಇನ್ನೂ ಹಳತಾಗಿಲ್ಲ.

ಅಮೆರಿಕದ ಸಿಕೋರ್ಸ್ಕಿ ಕಂಪನಿಯ ಎಸ್-64 ಇನ್ನೊಂದು ದಾರಿ ಹಿಡಿಯಿತು. ಅದಕ್ಕೆ ಸಾಮಾನಿನ ಹೊಟ್ಟೆಯೇ ಇಲ್ಲ. ಬೆನ್ನೆಲುಬಿನಂಥ ಒಂದು ತೊಲೆ, ಮುಂದೆ ಕ್ಯಾಬಿನ್, ಮೇಲೆ ಎಂಜಿನ್. ಹಿಂದಕ್ಕೆ ಮುಖ ಮಾಡಿದ ಒಂದು ಪೈಲಟ್ ಸೀಟಿದೆ. ಭಾರ ಇಡುವ ಹೊತ್ತಿಗೆ ಅಲ್ಲಿ ಕೂತವರು ಕೊಕ್ಕೆಯನ್ನೇ ನೋಡುತ್ತಾ ಹೆಲಿಕಾಪ್ಟರ್ ನಡೆಸುತ್ತಾರೆ. 1975ರಲ್ಲಿ ಟೊರಾಂಟೊದ ಸಿಎನ್ ಟವರ್ ತುದಿಗೆ ಆಂಟೆನಾವನ್ನು ತುಂಡುತುಂಡಾಗಿ ಏರಿಸಿದ್ದು ಇದೇ ಮಾದರಿಯ ಹೆಲಿಕಾಪ್ಟರ್. ಕಾಡ್ಗಿಚ್ಚಿಗೆ ನೀರು ಸುರಿಯಲು ಸುಮಾರು 10,000 ಲೀಟರಿನ ಟ್ಯಾಂಕ್ ಕಟ್ಟಿಕೊಂಡು, ಕೆರೆಯ ಮೇಲೆ ನಿಂತು ಒಂದು ನಿಮಿಷದೊಳಗೆ ಕೊಳವೆಯಿಂದ ಹೀರಿ ತುಂಬಿಸಿಕೊಳ್ಳುತ್ತದೆ.

ಮಿ-26ರ ಕೆಲಸಗಳ ಪಟ್ಟಿಯೂ ಚಿಕ್ಕದಲ್ಲ. 1999ರಲ್ಲಿ ಸೈಬೀರಿಯಾದ ತೈಮಿರ್‌ನಿಂದ ಹೆಪ್ಪುಗಟ್ಟಿದ ಮಣ್ಣಿನ ಗಡ್ಡೆಯನ್ನು, ಅದರೊಳಗಿನ ಮ್ಯಾಮತ್ (ಅಳಿದುಹೋದ ಆನೆಯಂಥ ಪ್ರಾಣಿ) ಸಮೇತ, ಖತಾಂಗಾಕ್ಕೆ ಹೊತ್ತು ತಂದಿತು. ಆ ಗಡ್ಡೆ 20 ಟನ್ ದಾಟಿತ್ತು. 2008ರಲ್ಲಿ ಚೀನಾದ ಸಿಚುವಾನ್ ಭೂಕಂಪದ ನಂತರ ಗುಡ್ಡ ಕುಸಿದು ತಾಂಗ್‌ಜಿಯಾಶಾನ್‌ನಲ್ಲಿ ನದಿಗೆ ಅಡ್ಡ ಕಟ್ಟಿ ಕೆರೆಯಾಗಿತ್ತು. ಒಡೆದರೆ ಕೆಳಗಿನ ಊರುಗಳು ಕೊಚ್ಚಿಹೋಗುವ ಭಯ. ರಸ್ತೆ ಇಲ್ಲದ ಆ ಜಾಗಕ್ಕೆ ಮಣ್ಣು ಅಗೆಯುವ ಭಾರೀ ಯಂತ್ರಗಳನ್ನು ತಲುಪಿಸಿದ್ದು ಮಿ-26.

ಇನ್ನೂ ದೊಡ್ಡದು ಯಾಕಿಲ್ಲ?

ಪ್ರಯತ್ನ ಆಗಿದೆ. ಸೋವಿಯತ್ ಒಕ್ಕೂಟದ ವಿ-12ಕ್ಕೆ 35 ಮೀಟರಿನ ಎರಡು ರೋಟರ್, ಅಕ್ಕಪಕ್ಕ. 1969ರ ಆಗಸ್ಟಿನಲ್ಲಿ ಅದು 40 ಟನ್‌ಗೂ ಜಾಸ್ತಿ ಭಾರವನ್ನು 2,255 ಮೀಟರ್ ಎತ್ತರಕ್ಕೆ ಒಯ್ದಿತು. ಆ ದಾಖಲೆ ಇನ್ನೂ ಮುರಿದಿಲ್ಲ. ಆದರೂ ಎರಡೇ ಎರಡು ವಿ-12 ತಯಾರಾದವು. ಹೆಲಿಕಾಪ್ಟರನ್ನು ಎಲ್ಲ ಕಡೆ ಎರಡು ಪಟ್ಟು ಹಿಗ್ಗಿಸಿದರೆ ರೋಟರಿನ ವಿಸ್ತೀರ್ಣ ನಾಲ್ಕು ಪಟ್ಟು ಬೆಳೆಯುತ್ತದೆ, ತೂಕ ಎಂಟು ಪಟ್ಟು. ಒಂದು ಹಂತ ದಾಟಿದ ಮೇಲೆ ಯಂತ್ರ ತನ್ನನ್ನು ತಾನು ಎತ್ತಿಕೊಳ್ಳುವುದರಲ್ಲೇ ಸೋಲುತ್ತದೆ. ಚಿಕ್ಕದರಲ್ಲಿ ಇದರ ಉಲ್ಟಾ. ಕಾಮನ್ ಕಂಪನಿಯ ಕೆ-ಮ್ಯಾಕ್ಸ್ ಖಾಲಿ ಇದ್ದಾಗ 2.3 ಟನ್, ಎತ್ತುವುದು 2.7 ಟನ್! ತನಗಿಂತ ಜಾಸ್ತಿ ಭಾರ ಎತ್ತುತ್ತದೆ. ಮಿ-26ಕ್ಕೂ ಅದು ಆಗದು.

ಇಷ್ಟೆಲ್ಲ ಲೆಕ್ಕ ಕಾಗದದಲ್ಲಿ ಮುಗಿದ ಮೇಲೂ ಸಿಬ್ಬಂದಿ ಇನ್ನೊಮ್ಮೆ ಅಳೆದು ನೋಡುತ್ತಾರೆ. ಗುಡ್ಡದ ಮೇಲಿನ ಕೆಲಸವಾದರೆ ಬೆಳಗಿನ ತಂಪು ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ಭಾರವನ್ನು ನೆಲದಿಂದ ಸ್ವಲ್ಪವೇ ಎತ್ತಿ ಹಿಡಿದು ಪೈಲಟ್ ತಿರುಚುಬಲದ ಮುಳ್ಳು, ಎಂಜಿನ್ ತಾಪದ ಮುಳ್ಳು ಎರಡನ್ನೂ ಓದುತ್ತಾನೆ. ಮಿತಿಗೆ ಇನ್ನೂ ಸಾಕಷ್ಟು ಅಂತರ ಇದ್ದರೆ ಮುಂದಕ್ಕೆ ಹೊರಡುವುದು. ಇಲ್ಲದಿದ್ದರೆ ಭಾರವನ್ನು ಅಲ್ಲೇ ಇಳಿಸಿ, ಒಂದಷ್ಟು ಸಾಮಾನು ತೆಗೆದೋ, ಒಂದಷ್ಟು ಇಂಧನ ಉರಿಸಿಯೋ ಮತ್ತೆ ಎತ್ತುತ್ತಾರೆ.